ಗಂಟೆಗೆ 100 ಇಮೇಲ್, ಗ್ರಾಹಕರು 1,200: ಉಳಿದ ಪತ್ರಗಳು ಎಲ್ಲಿಗೆ ಹೋಗುತ್ತವೆ?

ಗಂಗಾವತಿಯ ತೆರಿಗೆ ಸಲಹೆಗಾರರ ಕಚೇರಿಯೊಂದಕ್ಕೆ 1,200 ಗ್ರಾಹಕರಿದ್ದಾರೆ ಎಂದಿಟ್ಟುಕೊಳ್ಳಿ. ಅಕ್ಕಿ ಗಿರಣಿ, ಕಿರಾಣಿ ಅಂಗಡಿ, ಬೀಜ-ಗೊಬ್ಬರದ ವ್ಯಾಪಾರಿ ಎಲ್ಲರೂ ಪಟ್ಟಿಯಲ್ಲಿದ್ದಾರೆ. ತಿಂಗಳ ತಿಂಗಳು ಜಿಎಸ್‌ಟಿಆರ್-3ಬಿ ಸಲ್ಲಿಸುವವರಿಗೆ 20ನೇ ತಾರೀಖು ಕೊನೆಯ ದಿನ. 18ರ ಬೆಳಿಗ್ಗೆ ಎಲ್ಲರಿಗೂ ಒಟ್ಟಿಗೆ ಒಂದು ಇಮೇಲ್ ಹೊರಡುತ್ತದೆ: ‘ಬಿಲ್ಲುಗಳನ್ನು ಇಂದೇ ಕಳಿಸಿ.’ ಕಚೇರಿಯ ವೆಬ್‌ಸೈಟ್ ಇರುವುದು ವರ್ಷಕ್ಕೆ ಎರಡು-ಮೂರು ಸಾವಿರ ರೂಪಾಯಿಯ ಶೇರ್ಡ್ ಹೋಸ್ಟಿಂಗ್‌ನಲ್ಲಿ. ಇಮೇಲ್ ಹೋಗುವುದೂ ಅಲ್ಲಿಂದಲೇ. ಅಲ್ಲಿನ ಮಿತಿ ಗಂಟೆಗೆ 100.

ಶೇರ್ಡ್ ಹೋಸ್ಟಿಂಗ್‌ನಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಸಿಪ್ಯಾನಲ್ ತಂತ್ರಾಂಶದ ಮೂಲ ಸೆಟ್ಟಿಂಗ್ ಪ್ರಕಾರ, ಮಿತಿ ದಾಟಿದ ಮೇಲೆ ಅದರ ಶೇ 125ರವರೆಗಿನ ಪತ್ರಗಳು ಸರತಿಯಲ್ಲಿ ನಿಲ್ಲುತ್ತವೆ. ಅದಕ್ಕೂ ಮೇಲಿನವು ತಿರಸ್ಕಾರಗೊಳ್ಳುತ್ತವೆ. ಅಂದರೆ ಮೊದಲ 100 ಹೋದವು, 25 ಕಾದು ಕುಳಿತವು, ಉಳಿದ 1,075 ಹೊರಡಲೇ ಇಲ್ಲ.

ಮಿತಿ ಯಾಕೆ?

ಶೇರ್ಡ್ ಹೋಸ್ಟಿಂಗ್‌ನ ಒಂದೇ ಸರ್ವರ್‌ನಲ್ಲಿ, ಒಂದೇ ಐಪಿ ವಿಳಾಸದಡಿ ನೂರಾರು ವೆಬ್‌ಸೈಟ್‌ಗಳಿರುತ್ತವೆ. ಯಾರೋ ಒಬ್ಬರ ಪಾಸ್‌ವರ್ಡ್ ಕಳ್ಳರ ಕೈಗೆ ಸಿಕ್ಕಿ ಸ್ಪ್ಯಾಮ್ ಹೊರಟರೆ ಆ ಐಪಿ ಕಪ್ಪುಪಟ್ಟಿಗೆ ಸೇರುತ್ತದೆ. ಆಮೇಲೆ ತಪ್ಪೇ ಮಾಡದ ಕೊಪ್ಪಳದ ಕಾಲೇಜಿನ ಪತ್ರವೂ ಸ್ಪ್ಯಾಮ್ ಡಬ್ಬಿಗೆ ಬೀಳುತ್ತದೆ. ಆದ್ದರಿಂದ ಮಿತಿ ಹಾಕುವುದು ಸರಿಯಾದ ಕ್ರಮವೇ. ಮಿತಿ ಎಷ್ಟೆಂದು ಹಣ ಕಟ್ಟುವ ಮೊದಲು ಗ್ರಾಹಕರಿಗೆ ಗೊತ್ತಿಲ್ಲದಿರುವುದೇ ತೊಂದರೆ. ‘ಅನ್‌ಲಿಮಿಟೆಡ್ ಇಮೇಲ್’ ಎಂಬ ಜಾಹೀರಾತು ಹೇಳುವುದು ಎಷ್ಟು ಇಮೇಲ್ ಖಾತೆ ತೆರೆಯಬಹುದು ಎಂಬುದನ್ನು. ಗಂಟೆಗೆ ಎಷ್ಟು ಪತ್ರ ಕಳಿಸಬಹುದು ಎಂಬುದನ್ನಲ್ಲ.

1,200 ಪತ್ರಕ್ಕೆ ಎಷ್ಟು ಕಂತು?

- ಗಂಟೆಗೆ 50 ಮಿತಿ: 24 ಕಂತು
- ಗಂಟೆಗೆ 100 ಮಿತಿ: 12 ಕಂತು
- ಗಂಟೆಗೆ 300 ಮಿತಿ: 4 ಕಂತು
- ಗಂಟೆಗೆ 500 ಮಿತಿ: 3 ಕಂತು

ಇಲ್ಲಿ ಲೆಕ್ಕಕ್ಕೆ ಬರುವುದು ಪತ್ರವಲ್ಲ, ಪಡೆಯುವವರ ಸಂಖ್ಯೆ. ಒಂದೇ ಪತ್ರಕ್ಕೆ ಬಿಸಿಸಿಯಲ್ಲಿ 40 ವಿಳಾಸ ಹಾಕಿದರೆ 40 ಎಂದೇ ಎಣಿಕೆ. ವೆಬ್‌ಸೈಟ್‌ನ ಸಂಪರ್ಕ ಫಾರ್ಮ್ ಕಳಿಸುವ ಪತ್ರಗಳೂ ಇದೇ 100ರೊಳಗೆ ಬರುತ್ತವೆ. ಆನೆಗೊಂದಿಯ ಹೋಂಸ್ಟೇ ಒಂದರ ಬುಕಿಂಗ್ ಫಾರ್ಮ್‌ಗೆ ಕ್ಯಾಪ್ಚಾ ಇಲ್ಲದಿದ್ದರೆ, ಬಾಟ್‌ಗಳು ರಾತ್ರಿಯಿಡೀ ಅದನ್ನು ತುಂಬಿಸಿ ಗಂಟೆಗಂಟೆಯ ಮಿತಿಯನ್ನು ಖಾಲಿ ಮಾಡುತ್ತವೆ. ನಿಜವಾದ ಅತಿಥಿಗೆ ಹೋಗಬೇಕಾದ ದೃಢೀಕರಣ ಹೋಗುವುದಿಲ್ಲ.

ಏನಾಯಿತೆಂದು ತಿಳಿಯಲು ಸಿಪ್ಯಾನಲ್‌ನಲ್ಲಿ ‘ಟ್ರ್ಯಾಕ್ ಡೆಲಿವರಿ’ ಪುಟ ತೆರೆಯಿರಿ. ಕಳಿಸಿದವರು, ಪಡೆಯುವವರು, ಸಮಯ, ಫಲಿತಾಂಶ ಸಾಲಾಗಿ ಕಾಣುತ್ತವೆ. ಗಂಟೆಯ ಮಿತಿ ಮೀರಿದ್ದರೆ ಡೊಮೈನ್ ಹೆಸರಿನ ಜತೆಗೆ ಅದೇ ಕಾರಣ ಬರೆದಿರುತ್ತದೆ.

ಪಡೆಯುವ ಕಡೆಯ ಸರ್ವರ್ ‘ಈಗ ಬೇಡ, ಆಮೇಲೆ ಬಾ’ ಎಂದರೆ ಲೆಕ್ಕ ಬೇರೆ. ಸಿಪ್ಯಾನಲ್‌ನ ಹಿಂದೆ ಕೆಲಸ ಮಾಡುವ ಎಕ್ಸಿಮ್ ತಂತ್ರಾಂಶದ ಮೂಲ ನಿಯಮದಂತೆ ಮೊದಲ 2 ಗಂಟೆ ಪ್ರತಿ 15 ನಿಮಿಷಕ್ಕೊಮ್ಮೆ ಮರುಪ್ರಯತ್ನ ನಡೆಯುತ್ತದೆ. ನಂತರ ಅಂತರ ಹಿಗ್ಗುತ್ತಾ ಹೋಗಿ, 16 ಗಂಟೆ ಕಳೆದ ಮೇಲೆ 6 ಗಂಟೆಗೊಮ್ಮೆ, ಒಟ್ಟು 4 ದಿನದವರೆಗೆ. 18ರಂದು ಹೊರಟ ಪತ್ರ 22ಕ್ಕೆ ತಲುಪಿದರೆ ಯಾರಿಗೆ ಪ್ರಯೋಜನ?

ತೂಕ ಮತ್ತು ಬೆಲೆ

ಲಗತ್ತಿಸಿದ ಕಡತ ಇಮೇಲ್‌ನಲ್ಲಿ ಸುಮಾರು ಮೂರನೇ ಒಂದರಷ್ಟು ಹಿಗ್ಗುತ್ತದೆ. 2 ಎಂಬಿ ಪಿಡಿಎಫ್ 2.7 ಎಂಬಿ ಆಗುತ್ತದೆ. 1,200 ಮಂದಿಗೆ ಬೇರೆ ಬೇರೆಯಾಗಿ ಕಳಿಸಿದರೆ 3.2 ಜಿಬಿ. ಎಲ್ಲದರ ಪ್ರತಿಯೂ ‘ಸೆಂಟ್’ ಫೋಲ್ಡರ್‌ನಲ್ಲಿ ಉಳಿದರೆ ಹೋಸ್ಟಿಂಗ್‌ನ ಜಾಗವೂ ಅಷ್ಟು ಹೋಯಿತು.

ದಾರಿಗಳಿವೆ. ಉಚಿತ ಜಿಮೇಲ್‌ನಿಂದ ದಿನಕ್ಕೆ 500, ಹಣ ಕಟ್ಟುವ ಗೂಗಲ್ ವರ್ಕ್‌ಸ್ಪೇಸ್ ಖಾತೆಯಿಂದ 2,000. ಸಗಟು ಇಮೇಲ್‌ಗೆಂದೇ ಇರುವ ಅಮೆಜಾನ್ ಎಸ್‌ಇಎಸ್‌ನ ದರ 1,000 ಪತ್ರಕ್ಕೆ 10 ಸೆಂಟ್, ಲಗತ್ತಿನ ಪ್ರತಿ ಜಿಬಿಗೆ 12 ಸೆಂಟ್. ಡಾಲರಿಗೆ ₹90 ಎಂದು ಹಿಡಿದರೆ 1,200 ಪತ್ರಕ್ಕೆ ₹11, ಲಗತ್ತಿಗೆ ₹35, ಶೇ 18 ಜಿಎಸ್‌ಟಿ ಸೇರಿ ಸುಮಾರು ₹54. ಪಿಡಿಎಫ್ ಬದಲು ಲಿಂಕ್ ಕಳಿಸಿದರೆ ₹13 ಸಾಕು.

ಈಗ ನಷ್ಟದ ಲೆಕ್ಕ. 3ಬಿ ತಡವಾದರೆ ದಿನಕ್ಕೆ ₹50 ವಿಳಂಬ ಶುಲ್ಕ, ಶೂನ್ಯ ವಹಿವಾಟಿದ್ದರೆ ₹20. ಪತ್ರ ಸಿಗದ 1,075 ಮಂದಿಯಲ್ಲಿ 100 ಜನ ಒಂದೇ ದಿನ ತಡ ಮಾಡಿದರೂ ₹5,000 ಕೈಬಿಟ್ಟು ಹೋಯಿತು. ತೆರಿಗೆ ಬಾಕಿ ಇದ್ದರೆ ವಾರ್ಷಿಕ ಶೇ 18 ಬಡ್ಡಿ ಬೇರೆ.

ಹೊರಟ ಪತ್ರ ಸ್ಪ್ಯಾಮ್ ಡಬ್ಬಿಗೆ ಬೀಳದಿರಲು, ಅದು ನಿಮ್ಮದೇ ಡೊಮೈನ್‌ನಿಂದ ಬಂದಿದೆ ಎಂದು ದೃಢಪಡಿಸುವ ಎಸ್‌ಪಿಎಫ್ ಮತ್ತು ಡಿಕಿಮ್ ದಾಖಲೆಗಳೂ ಬೇಕು; ಅವನ್ನು ಡೊಮೈನ್‌ಗೆ ಸೇರಿಸಲು ಹೆಚ್ಚುವರಿ ಶುಲ್ಕವಿಲ್ಲ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳಿಸುವವರಿಗೆ ಡಿಮಾರ್ಕ್ ಎಂಬ ಇನ್ನೊಂದು ದಾಖಲೆ ಸಹಿತ ಇವೆರಡನ್ನೂ ಗೂಗಲ್ 2024ರ ಫೆಬ್ರುವರಿಯಿಂದ ಕಡ್ಡಾಯ ಮಾಡಿದೆ. ಸ್ಪ್ಯಾಮ್ ದೂರು ಶೇ 0.3ರ ಕೆಳಗಿರಬೇಕು, ಅಂದರೆ ಸಾವಿರಕ್ಕೆ ಮೂರಕ್ಕಿಂತ ಕಡಿಮೆ. ಸಣ್ಣ ಕಚೇರಿಯೂ ಇದನ್ನೇ ಪಾಲಿಸಿದರೆ ಒಳ್ಳೆಯದು. ಸತ್ತ ವಿಳಾಸಗಳನ್ನೂ ಪಟ್ಟಿಯಿಂದ ತೆಗೆಯಬೇಕು. ವಾಪಸು ಬರುವ ಪತ್ರಗಳ ಪ್ರಮಾಣ ಹೆಚ್ಚಾದರೂ ಕೆಲವು ಕಂಪನಿಗಳು ಖಾತೆಯನ್ನು ತಡೆಹಿಡಿಯುತ್ತವೆ.

ಕುಷ್ಟಗಿಯ ಬೀಜ ವ್ಯಾಪಾರಿಯಿರಲಿ, ಸೆಪ್ಟೆಂಬರ್ 25ರೊಳಗೆ ಮಹಾಸಭೆ ನಡೆಸಬೇಕಾದ ಯಲಬುರ್ಗಾದ ಸಹಕಾರ ಸಂಘವಿರಲಿ, ಹೋಸ್ಟಿಂಗ್ ನವೀಕರಿಸುವ ಮೊದಲು ಮೂರು ಪ್ರಶ್ನೆ ಕೇಳಿ, ಉತ್ತರ ಬರವಣಿಗೆಯಲ್ಲಿ ಪಡೆಯಿರಿ: ಗಂಟೆಗೆ ಎಷ್ಟು ಪತ್ರ? ಮಿತಿ ಮೀರಿದ್ದು ಸರತಿಗೋ, ತಿರಸ್ಕಾರಕ್ಕೋ? ಹೊರಗಿನ ಸಗಟು ಸೇವೆ ಜೋಡಿಸಲು ಅವಕಾಶವಿದೆಯೇ? ದಿನನಿತ್ಯದ ಪತ್ರಕ್ಕೆ ಶೇರ್ಡ್ ಹೋಸ್ಟಿಂಗ್ ಸಾಕು. ನೂರಾರು ಮಂದಿಗೆ ಒಮ್ಮೆಗೇ ತಲುಪಬೇಕಾದ ಪತ್ರವನ್ನು ಅದರ ಮೇಲೆ ಹೊರಿಸಬೇಡಿ.