ಎಳೆಯರ ಮಧುಮೇಹ: ಕಾರಣದ ಶೋಧನೆ

ಮಧುಮೇಹವು ನಡುವಯಸ್ಸು ದಾಟಿದವರ ಕಾಯಿಲೆ ಎಂಬ ಭಾವನೆ ಜನರಲ್ಲಿ ಬೇರೂರಿದೆ. ಆದರೆ ಶಾಲೆಗೆ ಹೋಗುವ ಮಕ್ಕಳಲ್ಲಿಯೂ, ಕೆಲವೊಮ್ಮೆ ಹಸುಗೂಸುಗಳಲ್ಲಿಯೂ ಇದು ಕಾಣಿಸಿಕೊಳ್ಳುತ್ತದೆ. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಂತೆ, ಇಪ್ಪತ್ತು ವರ್ಷದೊಳಗಿನ ಒಂದನೆಯ ಬಗೆಯ ಮಧುಮೇಹಿಗಳು ಜಗತ್ತಿನಲ್ಲಿಯೇ ಅತಿ ಹೆಚ್ಚಾಗಿರುವುದು ಭಾರತದಲ್ಲಿ. ಅವರ ಸಂಖ್ಯೆ ಸುಮಾರು 2 ಲಕ್ಷ 29 ಸಾವಿರ. ಎಳೆಯರಿಗೆ ಬರುವ ಮಧುಮೇಹಕ್ಕೆಲ್ಲ ಒಂದೇ ಕಾರಣವಿರುವುದಿಲ್ಲ. ಕಾರಣವನ್ನು ಅರಿಯದೆ ಸರಿಯಾದ ಚಿಕಿತ್ಸೆ ಸಾಧ್ಯವಿಲ್ಲ. ಈ ವಿಷಯವನ್ನು ನಮ್ಮ ದೇಶದಲ್ಲಿ ಸ್ಪಷ್ಟಪಡಿಸಿದ ಸಂಸ್ಥೆಗಳಲ್ಲಿ ತಿರುವನಂತಪುರದ ವೈದ್ಯಕೀಯ ಕಾಲೇಜಿಗೆ ವಿಶೇಷ ಸ್ಥಾನವಿದೆ.

ದೇಹವೇ ದೇಹಕ್ಕೆ ಎದುರಾದಾಗ

ಜಠರದ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯು ಎರಡು ಕೆಲಸಗಳನ್ನು ಮಾಡುತ್ತದೆ. ಆಹಾರವನ್ನು ಅರಗಿಸುವ ರಸವನ್ನು ನಾಳದ ಮೂಲಕ ಕರುಳಿಗೆ ಹರಿಸುವುದು ಮೊದಲನೆಯದು. ಗ್ರಂಥಿಯೊಳಗೆ ಚದುರಿರುವ ಲ್ಯಾಂಗರ್‌ಹಾನ್ಸ್ ಕಿರುದ್ವೀಪಗಳ ಬೀಟಾ ಜೀವಕೋಶಗಳಿಂದ ಇನ್ಸುಲಿನ್ ತಯಾರಿಸಿ ರಕ್ತಕ್ಕೆ ಸೇರಿಸುವುದು ಎರಡನೆಯದು. ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿರುವ ಸಕ್ಕರೆ ದೇಹಕ್ಕೆ ಒದಗುವುದಿಲ್ಲ.

ಒಂದನೆಯ ಬಗೆಯ ಮಧುಮೇಹದಲ್ಲಿ, ರೋಗಾಣುಗಳೊಡನೆ ಹೋರಾಡಬೇಕಾದ ರೋಗನಿರೋಧಕ ವ್ಯವಸ್ಥೆಯು ಬೀಟಾ ಕೋಶಗಳನ್ನೇ ಪರಕೀಯವೆಂದು ಭಾವಿಸಿ ನಾಶಪಡಿಸುತ್ತದೆ. ಆದ್ದರಿಂದ ಇದನ್ನು ಸ್ವಯಂನಿರೋಧಕ ಮಧುಮೇಹವೆಂದು ಕರೆಯುತ್ತಾರೆ. ಕಿರುದ್ವೀಪಗಳ ವಿರುದ್ಧ ದೇಹವೇ ಸೃಷ್ಟಿಸುವ ಪ್ರತಿಕಾಯಗಳನ್ನು ಲಂಡನ್ನಿನ ಬೊಟಾಟ್ಸೊ, ಡೋನಿಯಾಕ್ ಮತ್ತು ಅವರ ಸಹೋದ್ಯೋಗಿಗಳು 1974ರಲ್ಲಿ ವರದಿ ಮಾಡಿದರು. ಈ ನಾಶವು ಹೇಗೆ ಸಾಗುತ್ತದೆ ಎಂಬುದನ್ನು ಅರಿಯುವಲ್ಲಿ ಕನ್ನಡ ನಾಡಿನೊಡನೆ ನಂಟಿರುವ ವಿಜ್ಞಾನಿಯೊಬ್ಬರ ಪಾತ್ರವೂ ಇದೆ. ಹಾರ್ವರ್ಡ್ ವಿಶ್ವವಿದ್ಯಾನಿಲಯದೊಡನೆ ಸಂಬಂಧವಿರುವ ಬಾಸ್ಟನ್ನಿನ ಜೋಸ್ಲಿನ್ ಮಧುಮೇಹ ಕೇಂದ್ರದಲ್ಲಿ ಡಾ. ಎಸ್. ಶ್ರೀಕಾಂತ ಅವರು ಜಾರ್ಜ್ ಐಸೆನ್‌ಬಾರ್ತ್ ಮೊದಲಾದವರೊಡನೆ ತದ್ರೂಪಿ ಅವಳಿ-ತ್ರಿವಳಿಗಳನ್ನು ಕುರಿತು ನಡೆಸಿದ ಅಧ್ಯಯನವು 1983ರಲ್ಲಿ ಪ್ರಕಟವಾಯಿತು. ಒಡಹುಟ್ಟಿದವರಲ್ಲಿ ಒಬ್ಬರಿಗೆ ಮಧುಮೇಹ ಬಂದಿದ್ದು, ಮತ್ತೊಬ್ಬರು ಇನ್ನೂ ಆರೋಗ್ಯದಿಂದಿರುವಾಗಲೇ ಅವರ ರಕ್ತದಲ್ಲಿ ಪ್ರತಿಕಾಯಗಳು ಕಂಡುಬಂದವು. ಇನ್ಸುಲಿನ್ ಸ್ರವಿಸುವ ಶಕ್ತಿಯು ಕ್ರಮೇಣ ಕುಗ್ಗುತ್ತ ಹೋಯಿತು. ಹಠಾತ್ತನೆ ಎರಗಿದಂತೆ ತೋರುವ ಕಾಯಿಲೆಯು ವರ್ಷಗಳಿಂದ ಒಳಗೊಳಗೇ ಬೆಳೆದಿರುತ್ತದೆ ಎಂಬುದು ಹೀಗೆ ತಿಳಿದುಬಂದಿತು. ಡಾ. ಶ್ರೀಕಾಂತ ಅವರು ಮುಂದೆ ಬೆಂಗಳೂರಿನ ಸಮತ್ವಂ ಸಂಸ್ಥೆಯ ಮೂಲಕ ಮಧುಮೇಹಿಗಳ ಚಿಕಿತ್ಸೆಯಲ್ಲಿ ತೊಡಗಿದರು.

ತಿರುವನಂತಪುರದ ಕಾಣಿಕೆ

ಎಳೆಯರ ಮಧುಮೇಹಕ್ಕೆ ಇದೊಂದೇ ದಾರಿಯಲ್ಲ. ತಂಪಾನೂರಿನ ಕೇಂದ್ರ ರೈಲು ನಿಲ್ದಾಣದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿರುವ ತಿರುವನಂತಪುರದ ವೈದ್ಯಕೀಯ ಕಾಲೇಜು 1951ರಲ್ಲಿ ಆರಂಭವಾಯಿತು. ಅಲ್ಲಿ ಡಾ. ಪಿ.ಜೆ. ಗೀವರ್ಗೀಸ್ ಅವರು ಬಡ ಕುಟುಂಬಗಳಿಂದ ಬಂದ, ತೀರ ಕೃಶರಾದ ಎಳೆಯ ರೋಗಿಗಳನ್ನು ಹೆಚ್ಚಾಗಿ ಕಂಡರು. ಅವರ ರಕ್ತದಲ್ಲಿ ಸಕ್ಕರೆಯ ಪ್ರಮಾಣ ಬಹಳವಿದ್ದರೂ, ಒಂದನೆಯ ಬಗೆಯ ಮಧುಮೇಹದಲ್ಲಿ ಬೇಗನೆ ತಲೆದೋರುವ ಕೀಟೋನ್ ವಿಷಮತೆ ಅಪರೂಪವಾಗಿತ್ತು. ಹೊಟ್ಟೆಯ ಕ್ಷ-ಕಿರಣ ಚಿತ್ರ ತೆಗೆದಾಗ ಮೇದೋಜೀರಕ ಗ್ರಂಥಿಯ ನಾಳದಲ್ಲಿ ಸುಣ್ಣದ ಕಲ್ಲುಗಳು ಕಾಣಿಸಿದವು. ಇಂತಹ ರೋಗಿಗಳನ್ನು ಇಂಡೋನೇಷ್ಯಾದಲ್ಲಿ ಜುಯ್ಡೆಮಾ ಎಂಬ ವೈದ್ಯರು 1959ರಲ್ಲಿ ವರ್ಣಿಸಿದ್ದರು. ಗೀವರ್ಗೀಸ್ ಅವರು ಕೇರಳದ ರೋಗಿಗಳ ಬೃಹತ್ ಅಧ್ಯಯನವನ್ನು ಕೈಗೊಂಡು, 1968ರಲ್ಲಿ ಈ ವಿಷಯದ ಗ್ರಂಥವನ್ನೇ ಪ್ರಕಟಿಸಿದರು.

ಬಾಲ್ಯದಲ್ಲಿ ಮರುಕಳಿಸುವ ಹೊಟ್ಟೆನೋವು, ಹರೆಯದಲ್ಲಿ ಮಧುಮೇಹ, ತುಂಬು ಪ್ರಾಯದಲ್ಲಿ ಮರಣ: ಅಂದಿನ ರೋಗಿಗಳ ಬಾಳು ಹೀಗಿತ್ತು. ಇಲ್ಲಿ ಮೊದಲು ಕೆಡುವುದು ಜೀರ್ಣರಸ ತಯಾರಿಸುವ ಭಾಗ. ಇಡೀ ಗ್ರಂಥಿ ನಾರುಗಟ್ಟುತ್ತ ಬಂದಂತೆ ಬೀಟಾ ಕೋಶಗಳೂ ನಶಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 1985ರಲ್ಲಿ ಇದನ್ನು ಅಪೌಷ್ಟಿಕತೆಗೆ ಸಂಬಂಧಿಸಿದ ಮಧುಮೇಹವೆಂದು ವರ್ಗೀಕರಿಸಿ, 1999ರಲ್ಲಿ ಮೇದೋಜೀರಕ ಗ್ರಂಥಿಯ ರೋಗದಿಂದುಂಟಾಗುವ ಮಧುಮೇಹಗಳ ಸಾಲಿಗೆ ಸೇರಿಸಿತು.

ಕೇರಳದ ಬಡವರ ಆಹಾರವಾಗಿದ್ದ ಮರಗೆಣಸಿನಲ್ಲಿ ಸಯನೈಡ್ ಉಂಟುಮಾಡುವ ಅಂಶಗಳಿರುವುದರಿಂದ ಅದೇ ಕಾರಣವಿರಬಹುದೆಂಬ ಶಂಕೆ ಮೂಡಿತ್ತು. ಆದರೆ ಮರಗೆಣಸು ತಿನ್ನದ ಪ್ರದೇಶಗಳಲ್ಲಿಯೂ ಕಾಯಿಲೆ ಕಂಡುಬಂದುದರಿಂದ ಆ ವಾದ ನಿಲ್ಲಲಿಲ್ಲ. ಜೀರ್ಣರಸವು ಗ್ರಂಥಿಯನ್ನೇ ಅರಗಿಸದಂತೆ ತಡೆಯುವ ‘ಸ್ಪಿಂಕ್-1’ ಎಂಬ ವಂಶವಾಹಿಯ ದೋಷವು ಅನೇಕ ರೋಗಿಗಳಲ್ಲಿ ಇರುವುದು 2000ದ ನಂತರದ ಸಂಶೋಧನೆಗಳಿಂದ ತಿಳಿದುಬಂದಿದೆ.

ಪ್ರಯೋಗಾಲಯ ತಿಳಿಸುವುದೇನು?

ರಕ್ತದ ಸಕ್ಕರೆಯ ಪರೀಕ್ಷೆಯು ಮಧುಮೇಹವಿದೆ ಎಂದು ಹೇಳುತ್ತದೆಯೇ ಹೊರತು, ಏಕೆ ಬಂದಿತೆಂದು ಹೇಳುವುದಿಲ್ಲ. ‘ಗ್ಯಾಡ್’ ಮುಂತಾದ ಪ್ರತಿಕಾಯಗಳ ಪರೀಕ್ಷೆಯು ಸ್ವಯಂನಿರೋಧಕ ದಾಳಿಯ ಗುರುತನ್ನು ತೋರಿಸುತ್ತದೆ. ‘ಸಿ-ಪೆಪ್ಟೈಡ್’ ಪರೀಕ್ಷೆಯಿಂದ ದೇಹದಲ್ಲಿ ಸ್ವಂತ ಇನ್ಸುಲಿನ್ ಎಷ್ಟು ಉಳಿದಿದೆ ಎಂಬುದು ಗೊತ್ತಾಗುತ್ತದೆ. ಕಲ್ಲುಗಳ ಇರುವಿಕೆಯನ್ನು ಕ್ಷ-ಕಿರಣ ಮತ್ತು ಸ್ಕ್ಯಾನಿಂಗ್ ತಿಳಿಸುತ್ತವೆ.

ಚಿಕಿತ್ಸೆಯು ಈ ಉತ್ತರಗಳನ್ನು ಅವಲಂಬಿಸುತ್ತದೆ. ಸ್ವಯಂನಿರೋಧಕ ಮಧುಮೇಹಕ್ಕೆ ಜೀವನಪರ್ಯಂತ ಇನ್ಸುಲಿನ್ ಅನಿವಾರ್ಯ. ಕಲ್ಲುಗಟ್ಟಿದ ಗ್ರಂಥಿಯ ರೋಗಿಗೆ ಹಲವು ವೇಳೆ ಇನ್ಸುಲಿನ್ನಿನ ಜೊತೆಗೆ ಜೀರ್ಣಕಿಣ್ವಗಳೂ ಬೇಕಾಗುತ್ತವೆ. ಹುಟ್ಟಿದ ಆರು ತಿಂಗಳೊಳಗೆ ಮಧುಮೇಹ ಕಾಣಿಸಿಕೊಂಡರೆ ವಂಶವಾಹಿ ಪರೀಕ್ಷೆ ಮಾಡಿಸುವುದು ಅವಶ್ಯ. ಅಂತಹ ಕೆಲವು ಶಿಶುಗಳಿಗೆ ಇನ್ಸುಲಿನ್ನಿಗಿಂತ ಮಾತ್ರೆಯೇ ಹೆಚ್ಚು ಗುಣಕಾರಿ. ಸ್ವಯಂನಿರೋಧಕ ದಾಳಿಯನ್ನು ತಡಮಾಡಿಸುವ ‘ಟೆಪ್ಲಿಜುಮಾಬ್’ ಎಂಬ ಔಷಧಕ್ಕೆ ಅಮೆರಿಕವು 2022ರಲ್ಲಿ ಅನುಮತಿ ನೀಡಿತು. ಅದು ಕಾಯಿಲೆಯನ್ನು ಕೆಲಕಾಲ ಮುಂದೂಡಬಲ್ಲದು, ನಿವಾರಿಸಲಾರದು.

ಒಂದು ಎಚ್ಚರಿಕೆ ಅಗತ್ಯ. ಒಂದನೆಯ ಬಗೆಯ ಮಧುಮೇಹವಿದ್ದೂ ಪ್ರತಿಕಾಯಗಳು ಕಾಣದ ಮಕ್ಕಳು ನಮ್ಮ ದೇಶದಲ್ಲಿದ್ದಾರೆ. ಆದುದರಿಂದ ಪರೀಕ್ಷೆಯಲ್ಲಿ ಪ್ರತಿಕಾಯ ಇಲ್ಲವೆಂದು ಬಂದ ಮಾತ್ರಕ್ಕೆ ಇನ್ಸುಲಿನ್ ನಿಲ್ಲಿಸುವುದು ಪ್ರಾಣಾಪಾಯಕರ.

ಪೋಷಕರು ಗಮನಿಸಬೇಕಾದುದು

ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ ವಿಸರ್ಜನೆ, ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಹಾಗೆ ಮಾಡುವುದು, ಚೆನ್ನಾಗಿ ಉಂಡರೂ ತೂಕ ಇಳಿಯುವುದು: ಇವು ಮೊದಲ ಲಕ್ಷಣಗಳು. ವಾಂತಿ, ಹೊಟ್ಟೆನೋವು, ದೀರ್ಘವಾದ ಏದುಸಿರು, ಮಂಪರು ಕಾಣಿಸಿದರೆ ಕೀಟೋನ್ ವಿಷಮತೆ ಆರಂಭವಾಗಿರಬಹುದು. ಇದನ್ನು ಅಜೀರ್ಣವೆಂದೋ ದೃಷ್ಟಿ ತಾಗಿದೆಯೆಂದೋ ಭಾವಿಸಿ ಕಾಲ ಕಳೆದರೆ ಮಗು ಉಳಿಯದೆ ಹೋಗಬಹುದು. ಒಂದು ಹನಿ ರಕ್ತದ ಸಕ್ಕರೆ ಪರೀಕ್ಷೆಯಿಂದ ಕೆಲವೇ ಕ್ಷಣಗಳಲ್ಲಿ ಸಂಗತಿ ತಿಳಿಯುತ್ತದೆ.

1922ರ ಜನವರಿಯಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಹದಿನಾಲ್ಕು ವರ್ಷದ ಬಾಲಕನಿಗೆ ಮೊದಲ ಬಾರಿಗೆ ಇನ್ಸುಲಿನ್ ನೀಡಲಾಯಿತು. ಅದಕ್ಕೆ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಬದುಕುವುದು ದುರ್ಲಭವಾಗಿತ್ತು. ಇಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2022ರಲ್ಲಿ ಹೊರಡಿಸಿದ ಮಾರ್ಗಸೂಚಿ ವೈದ್ಯರ ಕೈಯಲ್ಲಿದೆ. ಕೇರಳವು ‘ಮಿಠಾಯಿ’ ಎಂಬ ಯೋಜನೆಯಡಿ ಒಂದನೆಯ ಬಗೆಯ ಮಧುಮೇಹವಿರುವ ಮಕ್ಕಳಿಗೆ ನೆರವು ನೀಡುತ್ತಿದೆ. ಮನೆಯಲ್ಲಿ ಶೀತಕ ಪೆಟ್ಟಿಗೆ ಇಲ್ಲದವರು ಬಳಕೆಯಲ್ಲಿರುವ ಇನ್ಸುಲಿನ್ನನ್ನು ನೀರಿನಿಂದ ತೇವಗೊಳಿಸಿದ ಮಣ್ಣಿನ ಕುಡಿಕೆಯಲ್ಲಿ ತಂಪಾಗಿ ಇಡಬಹುದು. ಬಾಟಲಿಗೆ ನೀರು ತಾಗಬಾರದು.

ಮಧುಮೇಹವಿರುವ ಮಗು ಎಲ್ಲರಂತೆ ಓದಬಲ್ಲದು, ಆಡಬಲ್ಲದು. ದೊಡ್ಡವರಾದ ಮೇಲೆ ಉದ್ಯೋಗಕ್ಕಾಗಲಿ ವಿವಾಹಕ್ಕಾಗಲಿ ಈ ಕಾಯಿಲೆ ಅಡ್ಡಿಯಾಗಬೇಕಿಲ್ಲ. ಸಕಾಲದಲ್ಲಿ ಗುರುತಿಸುವುದು, ಕಾರಣವನ್ನು ಪತ್ತೆಹಚ್ಚುವುದು, ಇನ್ಸುಲಿನ್ನನ್ನು ಒಂದು ದಿನವೂ ತಪ್ಪಿಸದಿರುವುದು ಇದಕ್ಕೆ ಅಗತ್ಯ.