ಹಳೆಯ ಕಂಪ್ಯೂಟರಿಗೆ ತೇಪೆ

ನಿಮ್ಮ ಮನೆಯ ಮೂಲೆಯಲ್ಲಿ ಹತ್ತು ಹನ್ನೆರಡು ವರ್ಷದ ಕಂಪ್ಯೂಟರೊಂದು ಇದ್ದೀತು. ಗುಂಡಿ ಒತ್ತಿದರೆ ಏಳುತ್ತದೆ, ಮಗಳ ಮದುವೆಯ ಚಿತ್ರಗಳನ್ನು ತೋರಿಸುತ್ತದೆ, ಕಾಗದ ಬರೆಯಲು ಒದಗುತ್ತದೆ. ಹೀಗಿರುವಾಗ ಅಂಗಡಿಯವನು, ಇದರ ಕಾಲ ಮುಗಿಯಿತು ಎಂದರೆ ಸಿಟ್ಟು ಬರುವುದು ಸಹಜವೇ. ತಂತಿ ಸವೆದೀತು, ಬೀಸಣಿಗೆ ನಿಂತೀತು. ಆದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ ಕೇವಲ ಆಜ್ಞೆಗಳ ಬರಹ. ಅದಕ್ಕೆ ತುಕ್ಕು ಹಿಡಿಯುವುದುಂಟೆ?

ಹಿಡಿಯುವುದಿಲ್ಲ. ಬದಲಾಗುವುದು ಅದರ ಸುತ್ತಲಿನ ಲೋಕ. ಅಷ್ಟು ದೊಡ್ಡ ಬರಹದಲ್ಲಿ ಬರೆದವರ ಕಣ್ಣು ತಪ್ಪಿದ ಬಿರುಕುಗಳು ಇದ್ದೇ ಇರುತ್ತವೆ. ಅವು ಕಂಡಂತೆಲ್ಲ ತಯಾರಕರು ತೇಪೆ ಕಳುಹಿಸುತ್ತಾರೆ. ಕಳ್ಳರು ತೇಪೆ ಹಾಕದ ಯಂತ್ರಗಳನ್ನು ಹುಡುಕುತ್ತಾರೆ.

2017ರ ಮೇ 12ರಂದು ವಾನ್ನಾಕ್ರೈ ಎಂಬ ಹುಳು ದೇಶದೇಶಗಳ ಕಂಪ್ಯೂಟರುಗಳಿಗೆ ಹೊಕ್ಕು, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಿರುಗಿಸಬೇಕಾಯಿತು. 2014ರ ಏಪ್ರಿಲ್ 8ರಂದೇ ತೇಪೆ ನಿಂತಿದ್ದ ವಿಂಡೋಸ್ ಎಕ್ಸ್‌ಪಿಯ ಮೇಲೆ ಎಲ್ಲರೂ ಬೆರಳು ತೋರಿಸಿದರು. ಆದರೆ ಹುಳು ಹಿಡಿದವುಗಳಲ್ಲಿ ಬಹುಪಾಲು ವಿಂಡೋಸ್ 7ರ ಯಂತ್ರಗಳು. ಅವುಗಳಿಗೆ ಮದ್ದು ಮಾರ್ಚ್ 14ರಂದೇ ಬಂದಿತ್ತು. ಸುಮಾರು ಎರಡು ತಿಂಗಳಾದರೂ ಹುಳು ಹಿಡಿದ ಆ ಯಂತ್ರಗಳಿಗೆ ಅದನ್ನು ಹಾಕಿರಲಿಲ್ಲ. ತಪ್ಪು ಬರಿಯ ವಯಸ್ಸಿನದಲ್ಲ ಎಂದು ನನಗನ್ನಿಸುವುದು ಇದರಿಂದಲೇ.

ಹಾಗಾದರೆ ಮಾಡುವುದೇನು? ಮೊದಲು ಚಿತ್ರಗಳು, ಪತ್ರಗಳು ಇವುಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದಿಡಿ. ತೆಗೆದಿಟ್ಟರೆ ಸಾಲದು; ಆ ಪ್ರತಿಯನ್ನು ಇನ್ನೊಂದು ಯಂತ್ರದಲ್ಲಿ ತೆರೆದು ನೋಡಿ. ತೆರೆಯದ ಪ್ರತಿ ಇದ್ದೂ ಇಲ್ಲದಂತೆ.

ಆಮೇಲೆ ಗಡಿಯಾರ. ಒಳಗೆ ನಾಣ್ಯದಂಥ ಪುಟ್ಟ ಬ್ಯಾಟರಿ ಉಂಟು. ಅದು ಸತ್ತರೆ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಅಂತರಜಾಲದ ತಾಣಗಳು ತೋರಿಸುವ ಗುರುತಿನ ಪತ್ರಕ್ಕೆ ಅವಧಿಯಿರುವುದರಿಂದ, ಯಂತ್ರವು ಇದು ಇನ್ನೂ ಜಾರಿಗೆ ಬಂದಿಲ್ಲ ಎಂದು ಬಾಗಿಲು ಹಾಕುತ್ತದೆ. ಸಣ್ಣ ಬ್ಯಾಟರಿಯ ಮಾತಿಗೆ ಇಡೀ ಯಂತ್ರವನ್ನೇ ಗುಜರಿಗೆ ಕೊಟ್ಟವರಿದ್ದಾರೆ!

ತೇಪೆಗೂ ಕ್ರಮವುಂಟು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ತೇಪೆಗಳಿಗೆ ಹಾಕುವ ಮುದ್ರೆಯ ಬಗೆಯನ್ನು ಬದಲಿಸಿತು. ವಿಂಡೋಸ್ 7ನ್ನು ಹೊಸದಾಗಿ ಹಾಕಿಕೊಂಡರೆ, ಮೊದಲು ಸರ್ವಿಸ್ ಪ್ಯಾಕ್ 1, ಅನಂತರ ಹೊಸ ಮುದ್ರೆಯನ್ನು ಗುರುತಿಸಲು ಕಲಿಸುವ ತೇಪೆಗಳು, ಉಳಿದವು ಆಮೇಲೆ. ಕ್ರಮ ತಪ್ಪಿದರೆ ಯಂತ್ರ ಅವನ್ನು ಒಪ್ಪುವುದೇ ಇಲ್ಲ. ಇಷ್ಟು ಮಾಡಿದರೂ ಮನೆಬಳಕೆಯ ವಿಂಡೋಸ್ 7ಕ್ಕೆ 2020ರ ಜನವರಿ 14ರ ಈಚೆಗೆ ರಕ್ಷಣೆಯ ತೇಪೆ ಬಂದಿಲ್ಲ. ಆದ್ದರಿಂದ ಅದರಲ್ಲಿ ಬ್ಯಾಂಕಿನ ವ್ಯವಹಾರ ಕೂಡದು. ಜಾಲದ ತಂತಿ ಕಿತ್ತು ಬರವಣಿಗೆಗೆ, ಹಾಡಿಗೆ ಇಟ್ಟುಕೊಳ್ಳಬಹುದು. ವಿಂಡೋಸ್ 10ರ ಸಾಮಾನ್ಯ ಸರದಿಯೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಾಯಿಸಿಕೊಂಡ ಮನೆಯವರಿಗೆ ಇನ್ನೊಂದು ವರ್ಷದ ರಕ್ಷಣೆಯ ತೇಪೆಗಳನ್ನು ಕಂಪನಿ ಗೊತ್ತುಮಾಡಿತು. ಯಂತ್ರ ಗಟ್ಟಿಯಿದ್ದು ವಿಂಡೋಸ್ 11 ಒಗ್ಗದಿದ್ದರೆ, ಬೆಲೆಯಿಲ್ಲದೆ ಸಿಗುವ ಲಿನಕ್ಸ್ ಹಾಕಿಸಬಹುದು.

ಕನ್ನಡಿಗರಿಗೆ ಇನ್ನೊಂದು ಮಾತು. ವಿಂಡೋಸಿನಲ್ಲಿ ಯೂನಿಕೋಡ್ ಕನ್ನಡ ಮೊದಲು ಬಂದದ್ದು ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಅಕ್ಷರರೂಪದೊಡನೆ. ಅದಕ್ಕಿಂತ ಹಿಂದೆ, ಅನೇಕ ಕಡೆ ಆಮೇಲೂ, ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಬರೆದ ಕಡತಗಳು ಆ ಅಕ್ಷರರೂಪವಿಲ್ಲದ ಹೊಸ ಯಂತ್ರದಲ್ಲಿ ಗೊತ್ತುಗುರಿಯಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ತಂದೆಯವರು ಬರೆದಿಟ್ಟ ವಂಶವೃತ್ತಾಂತ ಅಂಥದಾಗಿದ್ದರೆ, ಹಳೆಯ ಯಂತ್ರವನ್ನು ಅಳಿಸುವ ಮುನ್ನ, ಅಕ್ಷರರೂಪ ಅದರಲ್ಲಿರುವಾಗಲೇ ಒಂದು ಪ್ರತಿ ಮುದ್ರಿಸಿಕೊಂಡು, ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿ, ಎರಡನ್ನೂ ಪಕ್ಕದಲ್ಲಿಟ್ಟು ಒತ್ತಕ್ಷರಗಳನ್ನು ಓದಿ ನೋಡಿ.