ಜಾಜಿ ಮತ್ತು ಜಾಜು

"ಜಾಜಿಗೆ ನೀರು ಹಾಕಪ್ಪ" ಎಂದು ಹಬ್ಬದ ಮುನ್ನಾದಿನ ಅಜ್ಜಿಯೊಬ್ಬಳು ಮೊಮ್ಮಗನಿಗೆ ಹೇಳಿದಳೆಂದಿಟ್ಟುಕೊಳ್ಳಿ. ಚಿಕ್ಕನಾಯಕನಹಳ್ಳಿಯ ಕಡೆಯ ಹಳೆಯ ಮನೆಯಲ್ಲಿ ಆ ಹುಡುಗ ಹೋಗಬೇಕಾದುದು ಎಲ್ಲಿಗೆ? ಹಿತ್ತಿಲಿನ ಬಳ್ಳಿಯ ಬುಡಕ್ಕೋ, ಜಗಲಿಯ ಮೇಲೆ ಕೆಂಪು ಪುಡಿ ತುಂಬಿಟ್ಟ ಮಡಕೆಯ ಬಳಿಗೋ? ಹೂವು ಜಾಜಿ, ಸುಣ್ಣದ ಗೋಡೆಯ ಅಂಚಿಗೆ ಬಳಿಯುವ ಕೆಂಪು ಕಲ್ಲಿನ ಬಣ್ಣ ಜಾಜು. ಪ್ರಥಮೆಯಲ್ಲಿ ಬೇರೆಯಾಗಿರುವ ಈ ಎರಡೂ ಚತುರ್ಥಿಗೆ ಬಂದೊಡನೆ ಒಂದೇ ಆಗಿಬಿಡುತ್ತವೆ.

ಹುಟ್ಟಿನಿಂದ ಇವು ನೆಂಟರೇನೂ ಅಲ್ಲ. ಸಂಸ್ಕೃತದ 'ಜಾತಿ' ಎಂಬ ಹೂವಿನ ಹೆಸರು ಹಳಗನ್ನಡದಲ್ಲಿ 'ಜಾದಿ'ಯಾಗಿ, ಅನಂತರ ಜಾಜಿಯಾಯಿತು. ಖನಿಜವೆಂಬ ಅರ್ಥದ 'ಧಾತು' ಎಂಬುದು 'ಜಾದು'ವಾಗಿ, ಮುಂದೆ ಜಾಜು ಎನಿಸಿತು. ಕೊನೆಯ ಹೆಜ್ಜೆಯ ಬಗೆಗೆ ಸಂದೇಹವಿರುವವರು, 'ಜೂದು' ಎಂಬುದೇ ಜೂಜಾದುದನ್ನು ನೆನೆಯಬಹುದು. (ಜಾಜಿಯ ಮೊಗ್ಗಿನ ಹೊರಮೈಗೆ ನಸುಗೆಂಪಿರುವುದು ಕೇವಲ ಆಕಸ್ಮಿಕ, ಅದರಿಂದ ವ್ಯುತ್ಪತ್ತಿ ಕಟ್ಟಬಾರದು.)

ಜಾಜೆಂದರೆ ಕಬ್ಬಿಣದ ಆಕ್ಸೈಡು. ಅದೇ ಕಬ್ಬಿಣ ನೀರಿನಂಶದೊಡನೆ ಕೂಡಿದ್ದರೆ ಮಣ್ಣು ಹಳದಿಯಾಗಿರುತ್ತದೆ. ಸುಟ್ಟರೆ ನೀರು ಹಾರಿ ಕೆಂಪಾಗುತ್ತದೆ. ಬಿಸಿಲಿಗೂ ಮಳೆಗೂ ಸುಲಭವಾಗಿ ಮಾಸದ ಬಣ್ಣವಿದು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಪ್ರಾಚೀನರು ಬಿಡಿಸಿದ ಚಿತ್ರಗಳು ಇಂದಿಗೂ ಕೆಂಪಾಗಿ ಉಳಿದಿವೆ. ನಮ್ಮ ಮರ ಕೊಯ್ಯುವವರು ಜಾಜಿನ ನೀರಿನಲ್ಲಿ ಅದ್ದಿದ ದಾರವನ್ನು ದಿಮ್ಮಿಯ ಮೇಲೆ ಬಿಗಿಹಿಡಿದು ಮಿಡಿದರೆ, ನೇರವಾದ ಕೆಂಪು ಗೆರೆಯೊಂದು ಮೂಡುತ್ತಿತ್ತು.

ಗದಗಿನಿಂದ ಚಿತ್ರದುರ್ಗವನ್ನು ಹಾದು ಶ್ರೀರಂಗಪಟ್ಟಣದವರೆಗೆ ಚಾಚಿರುವ ಶಿಲಾಪಟ್ಟಿ ಚಿಕ್ಕನಾಯಕನಹಳ್ಳಿಯ ಸೀಮೆಯಲ್ಲಿಯೂ ಹಾಯುತ್ತದೆ. ಇಲ್ಲಿಯ ಗುಡ್ಡಗಳಲ್ಲಿ ಕಬ್ಬಿಣ, ಮ್ಯಾಂಗನೀಸು ಎರಡೂ ಉಂಟು. ಮನೆಗೆ ಬೊಗಸೆ ಜಾಜು ಸಾಕಾಗಿದ್ದ ನಾಡಿನಿಂದ ಅದೇ ಕಲ್ಲು ಲಾರಿಗಟ್ಟಲೆ ಹೊರಟಿತು. ದಾರಿಯ ಪಕ್ಕದ ತೋಟಗಳಲ್ಲಿ ತೆಂಗಿನ ಗರಿಗಳ ಮೇಲೆ ಕೆಂಪು ಧೂಳು ಕೂತಿತು. ಗೋಡೆಯ ಅಂಚಿಗೆ ಚೆಂದವಾದದ್ದು ಗರಿಗೆ ಚೆಂದವಲ್ಲ. ಎಲೆ ಉಸಿರಾಡಬೇಕು, ಬಿಸಿಲು ಕುಡಿಯಬೇಕು. ಬಳ್ಳಾರಿಯ ಹಿಂದೆಯೇ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕಬ್ಬಿಣದ ಗಣಿಗಾರಿಕೆಯನ್ನೂ ಸರ್ವೋಚ್ಚ ನ್ಯಾಯಾಲಯವು 2011ರ ಆಗಸ್ಟಿನಲ್ಲಿ ತಡೆಹಿಡಿಯಿತು. 2013ರಲ್ಲಿ ಕೆಲವಕ್ಕೆ ಷರತ್ತಿನ ಮೇಲೆ ಅನುಮತಿ ದೊರೆಯಿತು.

ಲಾರಿಯಲ್ಲಿ ಹೋದುದನ್ನು ಯಾರೂ ಜಾಜು ಎನ್ನಲಿಲ್ಲ; ಅದು 'ಅದಿರು'. ಅಂಗಡಿಯಿಂದ ತಂದು ಗಾರೆಗೆ ಬೆರೆಸುವ ಕೆಂಪು ಪುಡಿಯೂ ಮೂಲತಃ ಅದೇ ಕಬ್ಬಿಣದ ಆಕ್ಸೈಡು. ಆದರೆ ಅದನ್ನು ನಾವು ಕರೆಯುವುದು 'ರೆಡ್ ಆಕ್ಸೈಡ್' ಎಂದು. ಇಂದು ಅಜ್ಜಿ ಅದೇ ಮಾತು ಹೇಳಿದರೆ ಹುಡುಗ ಯೋಚಿಸುವುದಿಲ್ಲ, ಚೊಂಬು ಹಿಡಿದು ನೇರವಾಗಿ ಬಳ್ಳಿಯ ಬುಡಕ್ಕೇ ಹೋಗುತ್ತಾನೆ.